ಲೀನ್ ಮತ್ತು ಅಜೈಲ್ ಉತ್ಪನ್ನ ನಿರ್ವಹಣೆಯ ಕಲಿಕೆ: ಮೂಲಲೇಖನಗಳ ಒಂದು ವಿಮರ್ಶೆ

ಸರಕನ್ನಾಗಲಿ ಸಾಫ್ಟ್‌ವೇರನ್ನಾಗಲಿ ಯಾರಿಗಾಗಿ, ಯಾವ ಕ್ರಮದಲ್ಲಿ, ಎಷ್ಟು ಮಾಡಬೇಕೆಂಬುದನ್ನು ನಿರ್ಣಯಿಸುವ ವಿದ್ಯೆಗೆ ಇಂದು ಉತ್ಪನ್ನ ನಿರ್ವಹಣೆ ಎಂದು ಹೆಸರು. ಅದರಲ್ಲಿ ಲೀನ್ ಮತ್ತು ಅಜೈಲ್ ಎಂಬ ಎರಡು ಮಾರ್ಗಗಳು ವಿಶೇಷವಾಗಿ ಪ್ರಚಾರದಲ್ಲಿವೆ. ವ್ಯರ್ಥವನ್ನು ತೊಲಗಿಸಿ, ಬೇಕಾದುದನ್ನು ಬೇಕಾದಾಗ ಬೇಕಾದಷ್ಟೇ ಮಾಡುವುದು ಮೊದಲನೆಯದರ ಸಾರ. ಕೆಲಸವನ್ನು ಸಣ್ಣ ಸಣ್ಣ ಭಾಗಗಳಾಗಿ ಮುಗಿಸಿ, ಬಳಸುವವರಿಗೆ ತೋರಿಸಿ, ಅವರ ಅಭಿಪ್ರಾಯವನ್ನನುಸರಿಸಿ ಮುಂದಿನ ಹೆಜ್ಜೆಯನ್ನು ತಿದ್ದಿಕೊಳ್ಳುವುದು ಎರಡನೆಯದರ ಸಾರ. ಬಿಡದಿಯಲ್ಲಿ ೧೯೯೯ರ ಕೊನೆಯಿಂದ ಟೊಯೋಟಾ ಕಾರುಗಳು ತಯಾರಾಗುತ್ತಿವೆ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಂತೂ ಎಣಿಕೆಗೆ ಸಿಕ್ಕವು. ನಮ್ಮ ಪದವೀಧರರಲ್ಲಿ ಅನೇಕರು ಈ ವಿದ್ಯೆಯನ್ನು ಕಲಿತೇ ಜೀವನೋಪಾಯವನ್ನು ಅರಸಬೇಕಾಗಿದೆ.

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಈ ವಿಷಯಕ್ಕೆ ಏನು ಸ್ಥಾನವೆಂದು ವಾಚಕರು ಕೇಳಬಹುದು. ಈ ವಿದ್ಯೆಯ ಪಠ್ಯಗಳು ಸಾಮಾನ್ಯವಾಗಿ ಒಂದು ಪೂರ್ವಚರಿತ್ರೆಯನ್ನು ಹೇಳಿಯೇ ಆರಂಭವಾಗುತ್ತವೆ. ಆ ಚರಿತ್ರೆ ಕೆಲವು ಮೂಲಲೇಖನಗಳನ್ನು ಆಧರಿಸಿದೆ. ಆಕರಗಳನ್ನು ಪರಿಶೀಲಿಸುವುದು ನಮ್ಮ ಕಸುಬಾದುದರಿಂದ ಆ ಲೇಖನಗಳನ್ನು ಆಮೂಲಾಗ್ರವಾಗಿ ಓದಿ ನೋಡಿದೆವು. ನಮಗೆ ಕಂಡುದು ಇಷ್ಟು: ಮೂಲಕರ್ತೃಗಳು ತಮ್ಮ ಮಾತಿಗೆ ತಾವೇ ಹಾಕಿಕೊಂಡ ಎಲ್ಲೆಗಳು ಕಲಿಸುವವರ ಕೈಯಲ್ಲಿ ಕಳೆದುಹೋಗಿವೆ, ವಿಧಿವಾಕ್ಯಗಳು ಮಾತ್ರ ಉಳಿದಿವೆ.

೧

ಮೊದಲು ಪೂರ್ವಪಕ್ಷವನ್ನು ನೋಡೋಣ. ಅಜೈಲ್ ಮಾರ್ಗದವರು ಖಂಡಿಸುವ ಪದ್ಧತಿಗೆ ವಾಟರ್‌ಫಾಲ್, ಅಂದರೆ ಜಲಪಾತ, ಎಂದು ಹೆಸರು. ಅಪೇಕ್ಷೆಗಳ ಪಟ್ಟಿ, ವಿನ್ಯಾಸ, ರಚನೆ, ಪರೀಕ್ಷೆ ಎಂಬ ಹಂತಗಳಲ್ಲಿ ಕೆಲಸವು ಹಿಂದಿರುಗದೆ ಕೆಳಗಿಳಿಯುವುದು ಅದರ ಲಕ್ಷಣ. ವಿನ್ಸ್‌ಟನ್ ರಾಯ್ಸ್ ಎಂಬ ಅಮೆರಿಕದ ತಜ್ಞನು ೧೯೭೦ರಲ್ಲಿ ಬರೆದ ಲೇಖನವೇ ಈ ಮತದ ಪ್ರಮಾಣಗ್ರಂಥವೆಂದು ಅನೇಕ ಪಠ್ಯಗಳು ಹೇಳುತ್ತವೆ.

ಆ ಲೇಖನದಲ್ಲಿ ವಾಟರ್‌ಫಾಲ್ ಎಂಬ ಪದವೇ ಇಲ್ಲ. ಹಂತಗಳ ಚಿತ್ರವೇನೋ ಉಂಟು. ಆದರೆ ಅದನ್ನು ಕೊಟ್ಟೊಡನೆಯೇ, ಹೀಗೆ ನಡೆದುಕೊಂಡರೆ ಅಪಾಯವುಂಟೆಂದೂ ಸೋಲನ್ನು ಕರೆದಂತಾಗುವುದೆಂದೂ ರಾಯ್ಸ್ ಎಚ್ಚರಿಸಿದ್ದಾನೆ. ಪರೀಕ್ಷೆಯು ಕಟ್ಟಕಡೆಗೆ ಬರುವುದರಿಂದ ದೋಷಗಳು ತಡವಾಗಿ ಹೊರಬೀಳುವುವೆಂಬುದು ಅವನ ಕಾರಣ. ಹೊಸ ಕೆಲಸವಾದರೆ ಎರಡು ಸಲ ಮಾಡಬೇಕೆಂದೂ, ಗ್ರಾಹಕನನ್ನು ಮೊದಲಿನಿಂದಲೇ ಜೊತೆಗೆ ಸೇರಿಸಿಕೊಳ್ಳಬೇಕೆಂದೂ ಅವನು ವಿಧಿಸುತ್ತಾನೆ. ಹಾಗೆಂದು ಅವನನ್ನು ಅಜೈಲ್ ಮಾರ್ಗದ ಪೂರ್ವಸೂರಿಯೆಂದು ಕೊಂಡಾಡುವುದೂ ಸಲ್ಲದು. ಬರಹರೂಪದ ದಾಖಲೆಗಳು ವಿಪುಲವಾಗಿರಬೇಕೆಂದು ಅವನಷ್ಟು ಪಟ್ಟುಹಿಡಿದವರು ವಿರಳ. ಪೂರ್ವಪಕ್ಷವನ್ನು ಇದ್ದಂತೆ ಮಂಡಿಸದೆ ಸಿದ್ಧಾಂತವನ್ನು ಸ್ಥಾಪಿಸುವುದು ನಮ್ಮ ಶಾಸ್ತ್ರಪದ್ಧತಿಗೆ ಒಪ್ಪಿಗೆಯಾದುದಲ್ಲ.

೨

ಸಿದ್ಧಾಂತಪಕ್ಷದ ಆಕರಗಳಿಗೂ ಇದೇ ಗತಿಯಾಗಿದೆ. ಲೀನ್ ಎಂಬ ಹೆಸರನ್ನು ಈ ಅರ್ಥದಲ್ಲಿ ೧೯೮೮ರಲ್ಲಿ ಮೊದಲು ಬಳಸಿದವನು ಜಾನ್ ಕ್ರಾಫ್‌ಸಿಕ್. ಅದನ್ನು ಲೋಕವಿಖ್ಯಾತಗೊಳಿಸಿದುದು ವೊಮ್ಯಾಕ್, ಜೋನ್ಸ್, ರೂಸ್ ಈ ಮೂವರ ೧೯೯೦ರ ಗ್ರಂಥ. ಪದ್ಧತಿಯಾದರೋ ಟೊಯೋಟಾ ಸಂಸ್ಥೆಯದು. ಅದರ ಶಿಲ್ಪಿಯಾದ ತಾಯ್‌ಇಚಿ ಓನೊ ೧೯೭೮ರಲ್ಲಿ ಜಪಾನೀ ಭಾಷೆಯಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಯುದ್ಧಾನಂತರದ ಜಪಾನಿನಲ್ಲಿ ಮಾರುಕಟ್ಟೆ ಚಿಕ್ಕದು, ಬಂಡವಾಳ ಸ್ವಲ್ಪ. ಹಲವು ಬಗೆಯ ವಾಹನಗಳನ್ನು ಕೆಲವೇ ಸಂಖ್ಯೆಯಲ್ಲಿ ತಯಾರಿಸಬೇಕಾಗಿದ್ದಿತು. ಈ ಅಭಾವದಿಂದ ಹುಟ್ಟಿದ ಪದ್ಧತಿಯೆಂದು ಓನೊ ಸ್ಪಷ್ಟವಾಗಿ ಹೇಳುತ್ತಾನೆ. ೧೯೪೦ರ ದಶಕದ ಕೊನೆಯಲ್ಲಿ ಒಂದು ಯಂತ್ರಶಾಲೆಯಲ್ಲಿ ಆರಂಭವಾದ ಪ್ರಯೋಗಗಳಿಂದ ಬೆಳೆದ ಕಾನ್‌ಬಾನ್, ಅಂದರೆ ಬೇಕಾದ ಭಾಗಗಳನ್ನು ಸೂಚಿಸುವ ಚೀಟಿಯ ಕ್ರಮ, ಸಂಸ್ಥೆಯಲ್ಲೆಲ್ಲ ನೆಲೆಗೊಂಡುದು ೧೯೬೨ರಲ್ಲಿ. ಅಲ್ಲಿ ದಶಕಕ್ಕೂ ಮಿಕ್ಕ ಕಾಲ ಹಿಡಿದ ಕೆಲಸವಿದು. ಇಂದಾದರೋ ಈ ಕುಲದ ವಿದ್ಯೆಗಳಿಗೆ ಎರಡು ದಿನಗಳ ಶಿಕ್ಷಣದಿಂದ ಪ್ರಮಾಣಪತ್ರ ದೊರೆಯುತ್ತದೆ.

೩

ಇವೆಲ್ಲಕ್ಕಿಂತ ಗಂಭೀರವಾದ ಲೋಪವೊಂದುಂಟು. ಹಿರೊತಾಕಾ ತಾಕೆಉಚಿ ಮತ್ತು ಇಕುಜಿರೊ ನೊನಾಕಾ ಎಂಬ ಜಪಾನೀ ವಿದ್ವಾಂಸರು ೧೯೮೬ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಒಂದು ಲೇಖನವನ್ನು ಬರೆದರು. ಕೆನಾನ್ ಕ್ಯಾಮೆರಾ, ಹೋಂಡಾ ಕಾರು, ಫ್ಯೂಜಿ-ಜೆರಾಕ್ಸ್ ನಕಲುಯಂತ್ರ ಮೊದಲಾದವನ್ನು ರೂಪಿಸಿದ ತಂಡಗಳನ್ನು ಅವರು ಪರಿಶೀಲಿಸಿ, ಆ ತಂಡಗಳ ರೀತಿಯನ್ನು ರಗ್ಬಿ ಆಟಕ್ಕೆ ಹೋಲಿಸಿದರು. ೧೯೯೫ರಲ್ಲಿ ಕೆನ್ ಶ್ವಾಬರ್ ಮತ್ತು ಜೆಫ್ ಸದರ್ಲೆಂಡ್ ವಿದ್ವತ್ಸಭೆಯ ಮುಂದಿಟ್ಟ ಸ್ಕ್ರಮ್ ಪದ್ಧತಿಗೆ ಹೆಸರು ಬಂದುದು ಈ ಹೋಲಿಕೆಯಿಂದಲೇ. ತಂಡಕ್ಕೆ ಸ್ವಾತಂತ್ರ್ಯವಿರಬೇಕು, ಹಂತಗಳು ಒಂದರೊಳಗೊಂದು ಬೆರೆಯಬೇಕು ಎಂಬ ಭಾಗಗಳು ಇಂದಿಗೂ ಆದರದಿಂದ ಉಲ್ಲೇಖಗೊಳ್ಳುತ್ತವೆ.

ಆದರೆ ಅದೇ ಲೇಖನದಲ್ಲಿ ಈ ರೀತಿಯ ಮಿತಿಗಳನ್ನು ಕುರಿತೇ ಒಂದು ಭಾಗವಿದೆ. ಇದಕ್ಕೆ ಅಸಾಧಾರಣ ಶ್ರಮ ಬೇಕೆಂದೂ, ಕೆಲವೊಮ್ಮೆ ತಂಡದವರು ಕೆಲಸದ ಭರದಲ್ಲಿ ತಿಂಗಳಿಗೆ ೧೦೦ ಗಂಟೆ, ಉಳಿದ ಕಾಲದಲ್ಲಿ ೬೦ ಗಂಟೆ ಹೆಚ್ಚುವರಿಯಾಗಿ ದುಡಿದರೆಂದೂ, ಬೃಹತ್ ಯೋಜನೆಗಳಿಗೆ ಇದು ಹೊಂದಲಾರದೆಂದೂ ಲೇಖಕರೇ ಬರೆದಿದ್ದಾರೆ. ೨೦೦೧ರ ಫೆಬ್ರವರಿಯಲ್ಲಿ ಯೂಟಾ ಪ್ರಾಂತದ ಸ್ನೋಬರ್ಡಿನಲ್ಲಿ ಸೇರಿದ ೧೭ ಮಂದಿಯ ಅಜೈಲ್ ಘೋಷಣೆಯೊಡನೆ ಬಂದ ೧೨ ಸೂತ್ರಗಳಲ್ಲಿ ಒಂದಾದರೋ, ಎಂದೆಂದಿಗೂ ಸಾಗಿಸಬಲ್ಲ ಸಮಗತಿಯಲ್ಲಿ ಕೆಲಸ ನಡೆಯಬೇಕೆನ್ನುತ್ತದೆ. ಆಕರವು ತೋರಿಸಿದ ವೇಗಕ್ಕೆ ತೆತ್ತ ಬೆಲೆ ಯಾವುದೋ, ಅದನ್ನೇ ಈ ಸೂತ್ರ ನಿಷೇಧಿಸುತ್ತದೆ. ಈ ವಿರೋಧವನ್ನು ವಿದ್ಯಾರ್ಥಿಗೆ ತಿಳಿಸದೆ ಎರಡನ್ನೂ ಒಂದೇ ಪರಂಪರೆಯೆಂದು ಬೋಧಿಸಿದರೆ, ಅವನು ನಾಳೆ ಸಮಗತಿಯ ಹೆಸರಿನಲ್ಲಿ ನೂರು ಗಂಟೆಯ ದುಡಿಮೆಗೆ ಸಿಕ್ಕಿಬೀಳುವನು. ಇಲ್ಲವೆ ಇತರರನ್ನು ಅದಕ್ಕೆ ತಳ್ಳುವನು.

ಘೋಷಣೆಯ ನಾಲ್ಕು ಮೌಲ್ಯಗಳಿಗೂ ಹೀಗೆಯೇ ಆಗಿದೆ. ದಾಖಲೆ, ಒಪ್ಪಂದ, ಯೋಜನೆ ಮುಂತಾದವಕ್ಕೂ ಬೆಲೆಯುಂಟೆಂದು ಒಪ್ಪುವ ಅದರ ಕೊನೆಯ ವಾಕ್ಯವನ್ನು ಮರೆತವರು ದಾಖಲೆಯೇ ಬೇಡವೆನ್ನುತ್ತಾರೆ. ಎರಿಕ್ ರೀಸ್ ೨೦೧೧ರ ತನ್ನ ಗ್ರಂಥದಲ್ಲಿ ಹೇಳಿದ ಕನಿಷ್ಠ ಉತ್ಪನ್ನವು ಗ್ರಾಹಕನಿಂದ ಬೇಗನೆ ಪಾಠ ಕಲಿಯುವ ಸಾಧನ. ವ್ಯವಹಾರದಲ್ಲಿ ಅದು ಅರೆಬೆಂದ ಸರಕನ್ನು ಸಾಗಿಸುವುದಕ್ಕೆ ನೆಪವಾದುದುಂಟು.

೪

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಕಸುಬಿನ ವಿದ್ಯೆಗೆ ಫಲವೇ ಪ್ರಮಾಣ, ಹಳೆಯ ಲೇಖನಗಳನ್ನು ಕೆದಕುವುದರಿಂದ ಪ್ರಯೋಜನವೇನು ಎಂದು ಕೇಳಬಹುದು. ಈ ಮಾರ್ಗಗಳಿಂದ ಫಲ ದೊರೆತಿರುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವೈದ್ಯನು ಔಷಧದೊಡನೆ ಪಥ್ಯವನ್ನೂ ಹೇಳುತ್ತಾನೆ. ಪಥ್ಯವನ್ನು ಬಿಟ್ಟು ಔಷಧವನ್ನು ಮಾತ್ರ ಸೇವಿಸಿದವನು ಗುಣವಾಗದಿದ್ದರೆ ವೈದ್ಯನನ್ನು ದೂರುವಂತಿಲ್ಲ. ಮಿತಿವಾಕ್ಯಗಳು ಪದ್ಧತಿಯ ಪಥ್ಯಭಾಗ.

ಆದಕಾರಣ ನಮ್ಮ ಸೂಚನೆ ಚಿಕ್ಕದು. ಈ ವಿದ್ಯೆಯನ್ನು ಕಲಿಸುವೆಡೆಗಳಲ್ಲಿ ರಾಯ್ಸನ ಲೇಖನ, ಓನೊನ ಗ್ರಂಥ, ತಾಕೆಉಚಿ ಮತ್ತು ನೊನಾಕಾರ ಲೇಖನ, ೨೦೦೧ರ ಘೋಷಣೆ ಇವನ್ನು ವಿದ್ಯಾರ್ಥಿಗಳಿಂದ ಮೊದಲಿನಿಂದ ಕೊನೆಯವರೆಗೆ ಓದಿಸಬೇಕು. ಗ್ರಂಥವೊಂದನ್ನು ಬಿಟ್ಟರೆ ಉಳಿದ ಮೂರೂ ಹ್ರಸ್ವವಾದುವು. ಒಂದು ವಾರದಲ್ಲಿ ಓದಿ ಮುಗಿಸಬಹುದು. ಯಾವ ಅಭಾವಕ್ಕೆ ಯಾವ ಉಪಾಯ ಹುಟ್ಟಿತು, ಅದಕ್ಕಾಗಿ ಯಾರು ಎಷ್ಟು ದುಡಿದರು ಎಂದು ತಿಳಿದವನು ತನ್ನ ಕಾರ್ಯಾಲಯಕ್ಕೆ ಯಾವುದು ತಕ್ಕುದೆಂಬುದನ್ನು ತಾನೇ ನಿರ್ಣಯಿಸಬಲ್ಲನು.