ಅಂಗಳದಲ್ಲೇ ಆಯಿಲ್ ಬದಲಿಸಬಹುದಾದ ಬೈಕು

1994ರಲ್ಲಿ ರಸ್ತೆಗಿಳಿದ ಸ್ಪ್ಲೆಂಡರ್ ಬೈಕಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಅದರ ಸರಳತೆ. ಹೊಸಬರೂ ಮನೆಯಲ್ಲೇ ಆಯಿಲ್ ಬದಲಿಸಬಹುದು: ಒಂದು ಸ್ಪ್ಯಾನರ್, ಹಳೇ ಬೋಗುಣಿ, ಬಟ್ಟೆ ಚೂರು ಸಾಕು.

ಎಂಜಿನ್ ತುಸು ಬೆಚ್ಚಗಾದ ಮೇಲೆ ಆಫ್ ಮಾಡಿ, ಅಡಿಯ ಡ್ರೈನ್ ಬೋಲ್ಟ್ ಬಿಚ್ಚಿದರೆ ಕಪ್ಪು ಆಯಿಲ್ ಸರಾಗವಾಗಿ ಇಳಿಯುತ್ತದೆ. ಮಸಿಯನ್ನೆಲ್ಲ ತನ್ನೊಳಗೆ ಹಿಡಿದಿಟ್ಟುಕೊಂಡು ಎಂಜಿನ್ನನ್ನು ಕಾಯ್ದ ಕಪ್ಪು ಅದು. ಪಿಸ್ಟನ್, ಗೇರು, ಕ್ಲಚ್ ಮೂರನ್ನೂ ಸಲಹುವುದು ಇದೊಂದೇ ಆಯಿಲ್. ಕಾರಿನದು ಹಾಕಿದರೆ ಕ್ಲಚ್ ಜಾರೀತು. ಹಾಗಾಗಿ ಹೊಸ ಆಯಿಲ್ ಡಬ್ಬಿಯ ಮೇಲೆ ಬೈಕಿನ ಕ್ಲಚ್‌ಗೆ ಹೊಂದುವ ‘ಜಾಸೊ ಎಂಎ’ ಗುರುತು ನೋಡಿ.

ಹಳೇ ಆಯಿಲ್ ಪೂರ್ತಿ ಇಳಿದ ಮೇಲೆ ವಾಷರ್ ಕೂರಿಸಿ ಬೋಲ್ಟನ್ನು ಹದವಾಗಿ ಬಿಗಿಯಿರಿ, ಅತಿಯಾದರೆ ಥ್ರೆಡ್ ಹಾಳು. ಹೊಸ ಆಯಿಲ್ ಅಳತೆಕಡ್ಡಿಯ ಎರಡು ಗುರುತುಗಳ ನಡುವೆ ನಿಲ್ಲಲಿ. ಹಳೆಯದನ್ನು ಚರಂಡಿಗೆ ಸುರಿಯದೆ ಗ್ಯಾರೇಜಿಗೆ ಕೊಡಿ. ಇಷ್ಟು ಮಾಡಿದವರಿಗೆ ತಮ್ಮ ಬೈಕಿನ ಒಳಗುಟ್ಟು ಗೊತ್ತು. ಅದರ ಮೇಲಿನ ಅಕ್ಕರೆಯೂ ಹೆಚ್ಚು.