ಮನೆಯೋ ರೂಮೋ

ಇಂಗ್ಲಿಷಿನಲ್ಲಿ 'ಹೌಸ್' ಅಂದರೆ ಗೋಡೆ ಮಾಡು, 'ಹೋಮ್' ಅಂದರೆ ಅದರೊಳಗಿನ ಮಮತೆ. ಕನ್ನಡದಲ್ಲಿ ಎರಡಕ್ಕೂ 'ಮನೆ' ಒಂದೇ, ಪಾಪ! ಹೀಗೆ ಮರುಗುವವರ ಮಾತನ್ನು ಮುಂಬಯಿಯ ಕನ್ನಡ ಸಭೆಗಳಲ್ಲಿ ಬಹಳ ಕೇಳಿದ್ದೇನೆ. ಇಂಗ್ಲಿಷಿನಲ್ಲೇ ಆ ಗೆರೆ ಅಷ್ಟು ನೆಟ್ಟಗಿಲ್ಲ. ಬ್ರಿಟನ್ನಿನ ರಾಜಮನೆತನ 'ಹೌಸ್ ಆಫ್ ವಿಂಡ್ಸರ್'. ಅದು ಇಟ್ಟಿಗೆಯ ಮಾತಲ್ಲ, ರಕ್ತದ ಮಾತು. ಮುದುಕರನ್ನು ಬಿಟ್ಟುಬರುವ ಕಟ್ಟಡಕ್ಕೆ ನೋಡಿ, 'ಹೋಮ್' ಅಂತ ಬೋರ್ಡು.

ನನಗೆ ಈ ತೊಡಕು ತಟ್ಟಿದ್ದು ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನು ತೇಜಸ್ವಿನಿ ನಿರಂಜನ ಅವರ ಇಂಗ್ಲಿಷಿನಲ್ಲಿ ಓದಿದಾಗ. 2017ರಲ್ಲಿ ಬಂದ ಆ ಸಂಕಲನ, 'ನೋ ಪ್ರೆಸೆಂಟ್ಸ್ ಪ್ಲೀಸ್', 2018ರ ಡಿಎಸ್‌ಸಿ ಬಹುಮಾನ ಪಡೆಯಿತು. ಅದೇ ಹೆಸರಿನ ಕಥೆಯಲ್ಲಿ ಪೋಪಟ ಮತ್ತು ಅಸಾವರಿಗೆ ತಮ್ಮ ಮದುವೆಯ ಕರೆಯೋಲೆಯದೇ ಚಿಂತೆ. ಪೋಪಟ ಅನಾಥ, ಅಡ್ಡಹೆಸರೇ ಸಮಸ್ಯೆ. ನಮ್ಮ ಕಡೆಯ ಕರೆಯೋಲೆ ಮೊದಲು ಕೇಳುವುದೇ 'ಯಾವ ಮನೆಯವರು?' ಅಂತ. ಆ ಮನೆ ಹೌಸೂ ಹೌದು, ಹೋಮೂ ಹೌದು. ಕನ್ನಡದ ಓದುಗನಿಗೆ ಪೋಪಟನ ಕೊರತೆ ಇಡಿಯಾಗಿ ತಾಗುತ್ತದೆ. ಅನುವಾದಿಸುವವರಿಗಾದರೋ 'ಮನೆ' ಬಂದಲ್ಲೆಲ್ಲ ಒಂದನ್ನು ಆರಿಸುವ ಕರ್ಮ: ಹೌಸ್ ಅಂದರೆ ಮಮತೆ ಜಾರಿತು, ಹೋಮ್ ಅಂದರೆ ಬಾಡಿಗೆ ಮರೆತುಹೋಯಿತು. ಇದು ಅನುವಾದಕಿಯ ದೋಷವಲ್ಲ, ಪುಸ್ತಕ ಚೆನ್ನಾಗಿಯೇ ಇದೆ. ಆದರೆ ಅದನ್ನಷ್ಟೇ ಓದಿ 'ಕಾಯ್ಕಿಣಿ ಗೊತ್ತಾಯ್ತು' ಅನ್ನುವವರು ಕನ್ನಡದ ಪುಸ್ತಕವನ್ನೂ ತೆರೆಯಬೇಕು.

ಇನ್ನು ಚಾಳಿನವರ ಮಾತು ಬೇರೆಯೇ. ಇಲ್ಲಿ 'ರೂಮು', ಇಲ್ಲವೆ 'ಖೋಲಿ'. 'ಡೊಂಬಿವಲಿಯಲ್ಲಿ ರೂಮ್ ತಗೊಂಡ' ಅಂದರೆ ಸಂಸಾರ ಹೂಡಿದ ಅಂತ. ರಜೆಯಲ್ಲಿ 'ಹೋಮ್'ಗೆ ಹೋಗುವವರಿಲ್ಲ, 'ನೇಟಿವ್'ಗೆ ಹೋಗ್ತಾರೆ. ನನ್ನ ಅಪ್ಪ ಪರೇಲಿನ ಒಂದೇ ಕೋಣೆಯಲ್ಲಿ ಮೂವತ್ತು ವರ್ಷ ಕಳೆದರು, ಅದನ್ನು ರೂಮು ಎಂದೇ ಕರೆದರು. ಮನೆ ಎಂದರೆ ಕುಮಟೆಯದು. ಅಮ್ಮ ಮಾತ್ರ ಅದೇ ಕೋಣೆಯಲ್ಲಿ ನಿಂತು 'ಅಡುಗೆಮನೇಲಿ ಡಬ್ಬಿ ಇದೆ ನೋಡು', 'ದೇವರಮನೆ ಒರೆಸು' ಅನ್ನುತ್ತಿದ್ದಳು. ಅಡುಗೆಮನೆ ಎಂದರೆ ಸ್ಟವ್ ಇಟ್ಟ ಕಟ್ಟೆ. ದೇವರಮನೆ ಗೋಡೆಗೆ ಹೊಡೆದ ಹಲಗೆ. ಬಚ್ಚಲುಮನೆ, ಮೊಣಕಾಲೆತ್ತರದ ಮೋರಿ. ಅಪ್ಪನ ಲೆಕ್ಕದಲ್ಲಿ ಒಂದೂ ಮನೆ ಇರದ ಕಡೆ ಅಮ್ಮ ಮೂರು ಎಣಿಸುತ್ತಿದ್ದಳು! ಇಂಗ್ಲಿಷಿಗೆ ಇದನ್ನು ಹೇಗೆ ತರೋದು? 'ಕಿಚನ್' ಅಂದರೆ ಮುಗೀತು. ಅದರಲ್ಲಿ ಹೌಸೂ ಇಲ್ಲ, ಹೋಮೂ ಇಲ್ಲ.

2009ರಲ್ಲಿ ಕುಮಟೆಯ ಮನೆ ಮಾರಿದೆವು. ಹಿಸೆಯಾಗಿ ಎಷ್ಟೋ ಕಾಲವಾಗಿತ್ತು, ನೋಡಿಕೊಳ್ಳುವವರಿರಲಿಲ್ಲ. 'ಮಾರಿದ್ದು ಹೌಸ್ ಅಪ್ಪಾ, ಹೋಮ್ ಅಲ್ಲ' ಅಂತ ಅಣ್ಣ ಫೋನಿನಲ್ಲಿ ಸಮಾಧಾನ ಹೇಳಿದ. ಅಪ್ಪ ಕನ್ನಡದಲ್ಲೇ ಕೇಳಿದರು: 'ಮನೆ ಮಾರಿದ್ದು ಹೌದೋ ಅಲ್ಲವೋ?' ಪರೇಲಿನದು ಆಮೇಲೂ ರೂಮಾಗಿಯೇ ಉಳಿಯಿತು.