ಮೇಲಿಂದ ನೋಡುವ ಕಣ್ಣು

ಅಲ್ಲಾಳಸಂದ್ರದ ಹತ್ತಿರವೇ ಜಿಕೆವಿಕೆ. ಅಲ್ಲಿ ಕೃಷಿ ಓದುವ ಗೆಳೆಯರ ಬಾಯಲ್ಲಿ ಈಗ ಡ್ರೋನಿನದೇ ಮಾತು. ಅದು ಬೆಟ್ಟದ ಮೇಲೆ ಹಾರಿ ಚಿತ್ರ ತೆಗೆಯುತ್ತದೆ. ಹೆಸರು ಬರೆದುಕೊಟ್ಟ ಸಾವಿರಾರು ಚಿತ್ರ ನೋಡಿ ಪಳಗಿದ 'ಡೀಪ್ ಲರ್ನಿಂಗ್' ಯಂತ್ರ, ಇದು ರಾಗಿ, ಇದು ಕಾಫಿ ಅಂತ ಹೇಳುತ್ತದೆ. ಒಳ್ಳೆಯದೇ. ಅಧಿಕಾರಿ ಹತ್ತದ ಬೆಟ್ಟಕ್ಕೂ ಬೆಳೆ ಪರಿಹಾರ ಬರಲಿ. ಆದರೆ ಗೆಳೆಯರೇ, ಆ ಹೆಸರು ಬರೆದುಕೊಟ್ಟವರು ಯಾರು?

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಾಫಿ ಮರಗಳ ನೆರಳಲ್ಲಿ ಬೆಳೆಯುತ್ತದೆ. ಮೇಲಿಂದ ಕಾಣೋದು ಮರದ ನೆತ್ತಿ. ಯಂತ್ರ ಅದನ್ನು 'ಕಾಡು' ಅಂದುಬಿಟ್ಟರೆ ಬೆಳೆದವನು ಕಾಗದದಲ್ಲಿ ಒತ್ತುವರಿದಾರ! ರಾಗಿ ಹೊಲದ ಅಕ್ಕಡಿ ಸಾಲಿನ ಅವರೆ, ಹುಚ್ಚೆಳ್ಳು ಲೆಕ್ಕಕ್ಕೆ ಸಿಗದಿದ್ದರೆ, ಮುದ್ದೆ ಉಳಿದು ಸಾರು ಅಳಿಸಿಹೋದಂತೆ.

ಅರಣ್ಯ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ನಿಯಮ ಸ್ಪಷ್ಟವಾಗಿದೆ: ಉಪಗ್ರಹ ಚಿತ್ರವಾಗಲಿ, ಇನ್ನಾವ ತಂತ್ರಜ್ಞಾನವಾಗಲಿ, ಬೇರೆ ಸಾಕ್ಷಿಗಳಿಗೆ ಪೂರಕವಾಗಬಹುದು, ಅವುಗಳ ಜಾಗಕ್ಕೆ ಬರುವಂತಿಲ್ಲ. ಊರ ಹಿರಿಯರ ಹೇಳಿಕೆಯೂ ಆ ನಿಯಮಗಳಲ್ಲಿ ಸಾಕ್ಷಿಯೇ.

ಹಾಗಾದರೆ ಯಂತ್ರಕ್ಕೆ ಪಾಠ ಹೇಳೋ ಕೆಲಸ ಪೋಡಿನ ಸೋಲಿಗರಿಗೂ ಸಿಗಲಿ. ಚಿತ್ರ ಮೊದಲು ಗ್ರಾಮಸಭೆಯ ಮುಂದೆ ಬರಲಿ. ಹೊಲದಲ್ಲಿ ನಿಂತ ಅಜ್ಜಿ 'ಇದು ತಪ್ಪು' ಅಂದರೆ, ತಿದ್ದಬೇಕಾದ್ದು ಚಿತ್ರವನ್ನು.